ಸಮಾಜ ವಿಜ್ಞಾನದ 20 ಅಂಕ ನಮ್ಮ ನೆಲದ ಚರಿತ್ರೆಗೆ ಸಲ್ಲಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಲಿಖಿತ ಪರೀಕ್ಷೆಯ ಕಂಠಪಾಠದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಆ 20 ಅಂಕಗಳನ್ನು ಯಾರೂ ಕೇಳುವುದಿಲ್ಲ. ಅಂತರ್ಜಾಲದಿಂದ ಇಳಿಸಿದ ಚಿತ್ರಗಳನ್ನು ಬಣ್ಣದ ಹಾಳೆಗೆ ಅಂಟಿಸಿದ ಪ್ರಾಜೆಕ್ಟುಗಳಿಗೆ ಅವು ಸಂದುಹೋಗುತ್ತಿವೆ. ಅಂಟಿಸುವವರು ಎಷ್ಟೋ ಸಲ ತಂದೆತಾಯಿಯರೇ ಎಂಬುದು ಶಿಕ್ಷಕರಿಗೂ ಗೊತ್ತು. ಇತಿಹಾಸದಿಂದ ವ್ಯವಹಾರ ಅಧ್ಯಯನದವರೆಗೆ ಆರು ವಿಭಾಗಗಳನ್ನು ಒಬ್ಬರೇ ಮುಗಿಸಬೇಕಾದ ಆ ಶಿಕ್ಷಕರನ್ನು ದೂರಿ ಫಲವಿಲ್ಲ.

ಮಂಡ್ಯ, ಮೈಸೂರು ಜಿಲ್ಲೆಗಳ ಮಕ್ಕಳಾದರೂ ಈ ಅಂಕಗಳನ್ನು ತಮ್ಮ ಸುತ್ತಲಿನ ಚರಿತ್ರೆಯಿಂದಲೇ ಗಳಿಸುವಂತಾಗಬೇಕು. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿ, ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧಾಜ್ಞೆ ಮೀರಿ ಧ್ವಜ ಸತ್ಯಾಗ್ರಹ ನಡೆಯಿತು, ನಾಯಕರು ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಈ ಎರಡೂ ಕಡೆ ಧ್ವಜಕ್ಕೆ ಅಡ್ಡ ನಿಂತದ್ದು ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನದ ಸರ್ಕಾರ. ಆಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಕನ್ನಂಬಾಡಿ ಕಟ್ಟೆ ಎದ್ದು ಮಂಡ್ಯದ ಒಣಭೂಮಿಗೆ ನಾಲೆ ನೀರು ಬಂದದ್ದೂ, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯ ದಾರಿ ತೆರೆದದ್ದೂ ಅವರ ಆಳ್ವಿಕೆಯಲ್ಲಿಯೇ. ಸ್ವಾತಂತ್ರ್ಯ ಹೋರಾಟವೆಂದರೆ ಬ್ರಿಟಿಷರ ವಿರುದ್ಧದ ಹೋರಾಟ ಎಂದಷ್ಟೇ ಬರೆದು ಅಂಕ ಪಡೆದ ಹುಡುಗ, ಮನೆಯಲ್ಲಿ ನಾಲ್ವಡಿಯವರ ಪಟಕ್ಕೆ ಹೂ ಮುಡಿಸುವುದನ್ನು ಕಂಡವನು (ನಮ್ಮ ಕಡೆ ಅಂಥ ಮನೆಗಳಿಗೇನು ಕಡಿಮೆ!), ಶಿವಪುರದ ಸತ್ಯಾಗ್ರಹ ಸೌಧದೆದುರು ನಿಂತರೆ ಗೊಂದಲಕ್ಕೆ ಬೀಳಲೇಬೇಕು. ಆ ಗೊಂದಲದಿಂದಲೇ ಪಾಠ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ನೀರು ಕೊಟ್ಟ ಸರ್ಕಾರವೇ ಧ್ವಜವನ್ನು ತಡೆದದ್ದೇಕೆ ಎಂದು ಕೇಳುವ ಮಗು, ಸಂಸ್ಥಾನ ಎಂದರೇನು, ಜವಾಬ್ದಾರಿ ಸರ್ಕಾರದ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳುವ ಸರ್ಕಾರದ ಬೇಡಿಕೆ ಏಕೆ ಹುಟ್ಟಿತು ಎಂಬುದನ್ನು ಗೈಡಿನ ನೆರವಿಲ್ಲದೆ ಹುಡುಕಿಕೊಳ್ಳುತ್ತದೆ.

ಮೈಸೂರು ನಗರದ ಮಕ್ಕಳಿಗೆ ಇಷ್ಟು ದೂರವೂ ಬೇಡ. ದಿನವೂ ಬಸ್ಸಿನಲ್ಲಿ ದಾಟುವ ರಾಮಸ್ವಾಮಿ ವೃತ್ತಕ್ಕೆ ಆ ಹೆಸರು ಬಂದದ್ದು 1947ರ ಸೆಪ್ಟೆಂಬರ್‌ನಲ್ಲಿ, ಅಂದರೆ ದೇಶ ಸ್ವತಂತ್ರವಾದ ಮೇಲೆ, ಅದೇ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯಿಂದ. ಆ ಬೇಡಿಕೆ ಈಡೇರಿ ಮೈಸೂರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ಇನ್ನು ಹಳೆಯ ಕಾಲಕ್ಕೆ ಹೋದರೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವಿದೆ: ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧವನ್ನೂ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಒಂದೇ ಕಲ್ಲು ನೆನೆಯುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದ್ದರಿಂದ ಎರಡೂ ಜಿಲ್ಲೆಗಳ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ತಾಲ್ಲೂಕುವಾರು ಇಂಥ ಸ್ಥಳಗಳ ಪಟ್ಟಿಯನ್ನು ಶಾಲೆ ತೆರೆಯುವ ಮೊದಲೇ ಮುಖ್ಯ ಶಿಕ್ಷಕರಿಗೆ ಕಳುಹಿಸಬೇಕು. ಮಗು ಅಲ್ಲಿ ಕಂಡದ್ದನ್ನೂ ಊರ ಹಿರಿಯರಿಂದ ಕೇಳಿದ್ದನ್ನೂ ಪಠ್ಯದ ಜತೆ ಹೋಲಿಸಿ ತನ್ನ ಕೈಬರಹದಲ್ಲೇ ಎರಡು ಪುಟ ಬರೆಯಲಿ. ಶಿಕ್ಷಕರು ಎರಡು ಪ್ರಶ್ನೆ ಬಾಯಲ್ಲಿ ಕೇಳಿ ಅಂಕ ಕೊಡಲಿ. ಪ್ರಯಾಣದ ಖರ್ಚು ಭರಿಸಲಾಗದ ಮಕ್ಕಳಿಗೆ ತಮ್ಮೂರಿನ ವೀರಗಲ್ಲೋ ಕೆರೆಯೋ ಸಾಕು. ಬಣ್ಣದ ಹಾಳೆ, ಮುದ್ರಿತ ಚಿತ್ರಗಳ ಪ್ರಾಜೆಕ್ಟಿಗೆ ಅಂಕವಿಲ್ಲವೆಂದು ಅದೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಬೇಕೆಂದು ವಿನಂತಿ.

– ಓರ್ವ ಪೋಷಕ, ಮಂಡ್ಯ