ಅಮ್ಮನ ಮನೆಯಿಂದ ಮೂರು ಮೈಲಿ

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ನೀನಂದ ಮಾತು ಇನ್ನೂ ತಲೆಯಲ್ಲಿ ಕೂತಿದೆ. ‘ಬಾನಿ ಅಂಡ್ ಕ್ಲೈಡ್’ ಎಷ್ಟೇ ದೊಡ್ಡ ಸಿನಿಮಾ ಆದರೂ ಕಳ್ಳರನ್ನು ಹೀರೋ ಮಾಡಿದ ಸಿನಿಮಾನೇ ಅಲ್ವಾ ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಫೋನಿಟ್ಟ ಮೇಲೆ ಕೂತು ಸಿನಿಮಾ ಪೂರ್ತಿ ಮತ್ತೆ ನೋಡಿದೆ. ಮುಗಿದಾಗ ರಾತ್ರಿ ಒಂದೂವರೆ. ಮನೆಯವರೆಲ್ಲ ಮಲಗಿದ್ದರು. ನಿನಗೆ ಹೇಳಬೇಕಾದದ್ದು ಆಗ ಸಿಕ್ಕಿತು. ಅದಕ್ಕೇ ಈ ಪತ್ರ.

ಸರಸ್ವತಿಪುರಂ ರೂಮಿನಲ್ಲಿ ಮೊದಲ ಸಲ ನೋಡಿದ್ದು ನೆನಪಿದೆಯಾ? ಬಾಡಿಗೆಗೆ ತಂದ ಡಿವಿಡಿ, ಓನರ್ ಮನೆಯಿಂದ ಕೇಳಿ ತಂದ ಟಿವಿ. ಇನ್ನೇನು ಹತ್ತು ನಿಮಿಷ ಉಳಿದಿತ್ತು, ಕರೆಂಟ್ ಹೋಯಿತು. ಇಬ್ಬರೂ ಬದುಕ್ತಾರೆ ಅಂತ ನೀನು, ಇಲ್ಲ ಅಂತ ನಾನು, ಕತ್ತಲಲ್ಲೇ ಕೂತು ವಾದ ಮಾಡಿದೆವು. ಬೆಳಿಗ್ಗೆ ಆರಕ್ಕೆ ಎದ್ದು ಉಳಿದದ್ದು ನೋಡಿದೆವು. ಆ ಗುಂಡಿನ ಸುರಿಮಳೆ ನಿಂತ ಮೇಲೆ ನೀನು ಒಂದು ಮಾತೂ ಆಡದೆ ಹಲ್ಲುಜ್ಜೋಕೆ ಎದ್ದು ಹೋದೆ. ಅವತ್ತು ನೀನು ಅವರನ್ನು ಕಳ್ಳರು ಅನ್ನಲಿಲ್ಲ.

ನಿನ್ನ ಮಾತು ಸುಳ್ಳು ಅನ್ನುತ್ತಿಲ್ಲ. ನಿಜವಾದ ಬಾನಿ ಪಾರ್ಕರ್, ಕ್ಲೈಡ್ ಬ್ಯಾರೊ ತಂಡ ಕೊಂದದ್ದು ಹತ್ತಕ್ಕೂ ಹೆಚ್ಚು ಜನರನ್ನು. ಅದರಲ್ಲಿ ಜಾಸ್ತಿ ಪೊಲೀಸರು. ದೋಚಿದ್ದು ಬ್ಯಾಂಕಿಗಿಂತ ಹೆಚ್ಚಾಗಿ ಸಣ್ಣ ಅಂಗಡಿ, ಪೆಟ್ರೋಲ್ ಬಂಕ್. ಸತ್ತವರಿಗೂ ಹೆಂಡತಿ ಮಕ್ಕಳಿದ್ದರು. 1967ರಲ್ಲಿ ಸಿನಿಮಾ ಬಂದಾಗ ಅಮೆರಿಕದ ದೊಡ್ಡ ದೊಡ್ಡ ವಿಮರ್ಶಕರೇ ನಿನ್ನ ಹಾಗೆ ಸಿಟ್ಟಾಗಿದ್ದರು. ಆದರೆ ನಿರ್ದೇಶಕ ಆರ್ಥರ್ ಪೆನ್ ಈ ಇಬ್ಬರನ್ನು ಹೊಗಳೋಕೆ ಹೊರಟಿದ್ದಾನೆ ಅಂತ ನನಗೆ ಅನ್ನಿಸಲೇ ಇಲ್ಲ. ಇದು ಮನೆಗೆ ವಾಪಸ್ ಹೋಗೋಕೆ ಆಗದವರ ಕತೆ ಕಣೋ.

ಈ ಸಲ ಇನ್ನೊಂದು ವಿಷಯ ಹೊಳೆಯಿತು. ಅವರು ಊರೂರು ಅಲೆದದ್ದು 1932ರಿಂದ 34ರವರೆಗೆ. ನಮ್ಮ ಮೈಷುಗರ್ ಕಂಪನಿ ಹುಟ್ಟಿದ್ದು 1933ರಲ್ಲಿ. ಕನ್ನಂಬಾಡಿ ಕಟ್ಟೆ ಆಗಷ್ಟೇ ಮುಗಿದಿತ್ತು. ಇಲ್ಲಿ ನಾಲೆ ನೀರು ಬಂದು ಒಣಭೂಮಿ ಗದ್ದೆಯಾಗುತ್ತಿದ್ದ ಹೊತ್ತಿಗೆ ಅಲ್ಲಿ ಸಾವಿರಾರು ಬ್ಯಾಂಕ್ ಮುಳುಗಿ, ರೈತರ ಮನೆ ಹೊಲ ಜಪ್ತಿಯಾಗುತ್ತಿದ್ದವು. ಸಿನಿಮಾದ ಶುರುವಿನಲ್ಲೇ ಆ ದೃಶ್ಯ ಬರುತ್ತದಲ್ಲ. ಪಾಳುಬಿದ್ದ ಮನೆಯಲ್ಲಿ ಇಬ್ಬರೂ ರಾತ್ರಿ ಕಳೆದಿರುತ್ತಾರೆ. ಬೆಳಿಗ್ಗೆ ಒಬ್ಬ ರೈತ ಗಾಡಿ ತುಂಬ ಸಾಮಾನು ಹೇರಿಕೊಂಡು, ಹೆಂಡತಿ ಮಕ್ಕಳ ಜೊತೆ ಬರುತ್ತಾನೆ. ಅದು ಅವನದೇ ಮನೆ. ಕೊನೆಯ ಸಲ ಒಮ್ಮೆ ನೋಡಿ ಹೋಗೋಣ ಅಂತ ಬಂದಿರುತ್ತಾನೆ. ಇದು ಬ್ಯಾಂಕಿನ ಸ್ವತ್ತು ಅನ್ನೋ ಬೋರ್ಡಿಗೆ ಕ್ಲೈಡ್ ಗುಂಡು ಹೊಡೆದು, ಪಿಸ್ತೂಲನ್ನು ರೈತನ ಕೈಗೆ ಕೊಡುತ್ತಾನೆ. ರೈತ ಹೊಡೆಯುತ್ತಾನೆ. ಆಮೇಲೆ ತನ್ನ ಹೊಲದಲ್ಲಿ ದುಡಿದ ಕಪ್ಪು ಆಳನ್ನೂ ಕರೆದು ಅವನ ಕೈಗೂ ಕೊಡುತ್ತಾನೆ. ಬ್ಯಾಂಕಿನ ನೋಟಿಸ್ ಬಂದ ಮನೆಯ ಜಗುಲಿ ಮೇಲೆ ಕೂತು ಬೆಳೆದವನು ನಾನು. ಆ ರೈತನ ಮುಖದಲ್ಲಿ ಸಿಟ್ಟಿಗಿಂತ ನಾಚಿಕೆ ಜಾಸ್ತಿ ಇದೆ. ನಮ್ಮಪ್ಪನ ಮುಖವೂ ಹಾಗೇ ಇತ್ತು.

ಆಮೇಲೆ ಕ್ಲೈಡ್, ನಾವು ಬ್ಯಾಂಕ್ ದೋಚುವವರು ಅಂತ ಆ ರೈತನಿಗೆ ಹೇಳುತ್ತಾನೆ. ಆ ಹೊತ್ತಿಗೆ ಅವರು ಒಂದು ಬ್ಯಾಂಕನ್ನೂ ಮುಟ್ಟಿರುವುದಿಲ್ಲ! ಆಮೇಲೆ ನುಗ್ಗೋ ಮೊದಲ ಬ್ಯಾಂಕಿನಲ್ಲೂ ದುಡ್ಡಿಲ್ಲ, ಅದು ಮುಳುಗಿ ವಾರಗಳಾಗಿವೆ.

ಈಗ ನಟರ ವಿಷಯಕ್ಕೆ ಬರುತ್ತೇನೆ. ವಾರೆನ್ ಬೇಟಿಗೆ ಆಗ ಮೂವತ್ತು ವರ್ಷ. ನಿರ್ಮಾಪಕನೂ ಅವನೇ. ಅಷ್ಟು ಚೆಂದದ ಹೀರೋ, ಕುಂಟುತ್ತಾ ನಡೆಯೋ, ಹೆಣ್ಣು ಹತ್ತಿರ ಬಂದರೆ ಹಿಂದೆ ಸರಿಯೋ ಕ್ಲೈಡ್ ಆಗೋಕೆ ಒಪ್ಪಿದ್ದೇ ದೊಡ್ಡದು. ಬಾನಿ ಆಗಿರುವ ಫೇ ಡನವೇಗೆ ಇಪ್ಪತ್ತಾರು. ಮೊದಲ ದೃಶ್ಯದಲ್ಲಿ ಬೇಸರ ತಡೆಯಲಾಗದೆ ಮಂಚದ ಕಂಬಿಗೆ ಮುಷ್ಟಿಯಲ್ಲಿ ಗುದ್ದುತ್ತಾಳಲ್ಲ, ಅವಳು ಯಾಕೆ ಒಬ್ಬ ಅಪರಿಚಿತನ ಹಿಂದೆ ಹೊರಟಳು ಅನ್ನೋದಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಐದು ಜನ ನಟರಿಗೂ ಆಸ್ಕರ್ ನಾಮಿನೇಷನ್ ಸಿಕ್ಕಿತು. ಗೆದ್ದದ್ದು ಒಬ್ಬರೇ, ಎಸ್ಟೆಲ್ ಪಾರ್ಸನ್ಸ್.

ಅವತ್ತು ರೂಮಿನಲ್ಲಿ ನಮಗಿಬ್ಬರಿಗೂ ಪಾರ್ಸನ್ಸ್ ಸುಮ್ನೆ ಕಿರಿಚೋ ಹೆಂಗಸು ಅನ್ನಿಸಿತ್ತು. ತಪ್ಪು ನಮ್ಮದು. ಅವಳ ಬ್ಲಾಂಚ್ ಪಾದ್ರಿಯ ಮಗಳು, ಕ್ಲೈಡ್‌ನ ಅಣ್ಣ ಬಕ್‌ನ ಹೆಂಡತಿ. ಸಂಸಾರ ಮಾಡೋಕೆ ಬಂದವಳು. ಬಾಡಿಗೆ ಮನೆ ಸಿಕ್ಕಿದ ಕೂಡಲೇ ಅಡುಗೆಮನೆ ಹುಡುಕುತ್ತಾಳೆ. ಪೊಲೀಸರು ಮುತ್ತಿಗೆ ಹಾಕಿ ಗುಂಡು ಹಾರಿದಾಗ ಕೈಯಲ್ಲಿದ್ದ ಮಗುಚೋ ಕೈಯನ್ನೂ ಬಿಡದೆ ಬೀದಿಗೆ ಓಡುತ್ತಾಳೆ. ಕಿರುಚಾಟದ ನಡುವೆ ಆ ಮಗುಚೋ ಕೈ ನೋಡು. ಒಲೆ ಮೇಲೆ ಬಿಟ್ಟು ಬಂದದ್ದು ಇನ್ನೂ ಅವಳ ಕೈಯಲ್ಲೇ ಇದೆ. ನಿಜವಾದ ಬ್ಲಾಂಚ್ 1988ರವರೆಗೆ ಬದುಕಿದ್ದರು. ತನ್ನನ್ನು ಹೀಗೆ ತೋರಿಸಿದ್ದು ಅವರಿಗೆ ಹಿಡಿಸಲಿಲ್ಲ. ಅದೂ ನ್ಯಾಯವೇ. ಆದರೂ ಆ ಕಾರಿನಲ್ಲಿ ನಮ್ಮ ನಿಮ್ಮ ಮನೆಯವರ ಹಾಗೆ ಹೆದರುವುದು ಇವಳೊಬ್ಬಳೇ.

ಬಕ್ ಆಗಿರುವುದು ಜೀನ್ ಹ್ಯಾಕ್‌ಮನ್. 2025ರ ಫೆಬ್ರವರಿಯಲ್ಲಿ ಅವನು ತೀರಿಕೊಂಡಾಗ ನಾವಿಬ್ಬರೂ ಮೆಸೇಜ್ ಮಾಡಿಕೊಂಡಿದ್ದೆವು. ಎಷ್ಟು ದಿನದ ಮೇಲೆ ಅಣ್ಣ ತಮ್ಮ ಸೇರುತ್ತಾರೆ. ತಬ್ಬಿಕೊಳ್ಳುತ್ತಾರೆ, ಗುದ್ದಾಡುತ್ತಾರೆ, ನಗುತ್ತಾರೆ. ಇನ್ನು ಮಜವೋ ಮಜ ಅನ್ನೋ ಹಾಗೆ ಕೂಗಾಡುತ್ತಾರೆ. ಆಮೇಲೆ ಇದ್ದಕ್ಕಿದ್ದ ಹಾಗೆ ಇಬ್ಬರಿಗೂ ಮಾತೇ ಇಲ್ಲ. ಮುಂದೇನು ಅಂತ ಇಬ್ಬರಿಗೂ ಗೊತ್ತಿಲ್ಲ. ಆ ಎರಡು ಕ್ಷಣ ಹ್ಯಾಕ್‌ಮನ್ ಏನೂ ಮಾಡುವುದಿಲ್ಲ, ನಗು ಮಾತ್ರ ಮುಖದಿಂದ ಇಳಿದು ಹೋಗುತ್ತದೆ. ಊರಿನ ಜಾತ್ರೆಗೆ ಬಂದ ಅಣ್ಣತಮ್ಮಂದಿರು ಊಟ ಮುಗಿದ ಮೇಲೆ ಹೀಗೇ ಕೂರುವುದನ್ನು ನಾನು ನೋಡಿದ್ದೇನೆ.

ಕಾರ್ ಓಡಿಸೋ ಹುಡುಗ ಮೈಕೆಲ್ ಪೊಲಾರ್ಡ್ ಬಗ್ಗೆ, ಮೊದಲ ಸಲ ಸಿನಿಮಾದಲ್ಲಿ ಕಾಣಿಸಿಕೊಂಡ ಜೀನ್ ವೈಲ್ಡರ್ ಬಗ್ಗೆ ಸಿಕ್ಕಾಗ ಮಾತಾಡೋಣ. ವೈಲ್ಡರ್ ಹೆಣ ಮಣ್ಣು ಮಾಡೋ ಕೆಲಸದವನು ಅಂತ ಗೊತ್ತಾದ ಕೂಡಲೇ, ಅಲ್ಲಿವರೆಗೂ ನಗುತ್ತಿದ್ದ ಬಾನಿ ಅವನನ್ನು ಕಾರಿಂದ ಇಳಿಸುವುದನ್ನು ಮಾತ್ರ ಮರೆಯಬೇಡ. ಅಲ್ಲಿಂದ ಸಿನಿಮಾದ ಬಣ್ಣವೇ ಬೇರೆ.

ಮರುದಿನ ಬಾನಿ ಹೇಳದೆ ಕೇಳದೆ ಹೊರಟುಬಿಡುತ್ತಾಳೆ. ಒಣಗಿ ನಿಂತ ಜೋಳದ ಹೊಲದಲ್ಲಿ ಅವಳು ಓಡುತ್ತಿದ್ದಾಳೆ, ಹಿಂದೆ ಕ್ಲೈಡ್. ಕ್ಯಾಮೆರಾ ಎಲ್ಲೋ ದೂರದಲ್ಲಿ, ಮೇಲೆ. ಆಗ ಒಂದು ಮೋಡದ ನೆರಳು ಹೊಲದ ಮೇಲೆ ಹರಿದು ಬಂದು ಇಬ್ಬರನ್ನೂ ದಾಟಿ ಹೋಗುತ್ತದೆ. ಕಬ್ಬಿನ ಗದ್ದೆ ಮೇಲೆ ಮೋಡದ ನೆರಳು ಓಡುವುದನ್ನು ನಾಲೆ ಏರಿ ಮೇಲೆ ಕೂತು ನಾವೆಷ್ಟು ಸಲ ನೋಡಿಲ್ಲ! ಛಾಯಾಗ್ರಾಹಕ ಬರ್ನೆಟ್ ಗಫಿಗೆ ಆಸ್ಕರ್ ಬಂತು. ಈ ಒಂದು ಶಾಟಿಗೇ ಕೊಡಬಹುದಿತ್ತು. ಕ್ಲೈಡ್ ಹಿಡಿದು ಕೇಳಿದರೆ ಬಾನಿ ಹೇಳುವುದು ಒಂದೇ, ಅಮ್ಮನ್ನ ನೋಡಬೇಕು.

ಮುಂದಿನದೇ ಆ ಭೇಟಿ. ಮರಳು ದಿಬ್ಬದ ಹತ್ತಿರ ಬಾನಿಯ ಮನೆಯವರೆಲ್ಲ ಸೇರಿದ್ದಾರೆ. ಚಿತ್ರಕ್ಕೇ ಮಂಜು ಮುಸುಕಿದ ಹಾಗಿದೆ, ಬಣ್ಣ ಮಾಸಿದೆ. ಮಗುವೊಂದು ದಿಬ್ಬದಿಂದ ನಿಧಾನ ಉರುಳುತ್ತದೆ. ಅಮ್ಮನ ಪಾತ್ರ ಮಾಡಿದ್ದು ವೃತ್ತಿಯ ನಟಿಯಲ್ಲ, ಶೂಟಿಂಗ್ ನಡೆದ ಟೆಕ್ಸಾಸ್ ಕಡೆಯ ಹೆಂಗಸು. ಕ್ಲೈಡ್ ಅವಳಿಗೆ ಸಮಾಧಾನ ಹೇಳುತ್ತಾನೆ. ಈ ಕೆಟ್ಟ ಕಾಲ ಮುಗಿಯಲಿ, ನಿಮ್ಮಿಂದ ಮೂರು ಮೈಲಿಯೊಳಗೇ ಮನೆ ಮಾಡ್ತೀವಿ ಅಂತ. ಅವಳು ಅಳುವುದಿಲ್ಲ. ನನ್ನಿಂದ ಮೂರು ಮೈಲಿ ದೂರದಲ್ಲಿ ಇರೋಕೆ ಹೋದರೆ ನೀವು ಬದುಕಲ್ಲ, ಓಡ್ತಾನೇ ಇರಿ ಅನ್ನುತ್ತಾಳೆ. ಡನವೇ ಮುಖ ನೋಡು ಆಗ. ತಾನು ಸತ್ತಿದ್ದೇನೆ ಅನ್ನೋದು ಅವಳಿಗೆ ತಿಳಿಯುವುದು ಅಲ್ಲಿ. ಕೊನೆಯ ಗುಂಡುಗಳು ಬರೀ ದೇಹಕ್ಕೆ.

ನಮ್ಮ ಚಿಕ್ಕಮ್ಮನ ಮಗಳ ವಿಷಯ ನಿನಗೆ ಗೊತ್ತು. ಅವಳು ಬೇರೆ ಜಾತಿ ಹುಡುಗನ ಜೊತೆ ಹೋದ ಮೇಲೆ ಊರಲ್ಲಿ ಏನೇನು ಮಾತು ನಡೆಯಿತು ಅನ್ನೋದೂ ಗೊತ್ತು. ಅವರು ಯಾರಿಗೂ ಕೆಟ್ಟದ್ದು ಮಾಡಿದವರಲ್ಲ. ಆದರೂ ಏಳು ತಿಂಗಳು ಊರಿಂದೂರಿಗೆ ಓಡಿದರು. ನಿನಗೆ ಹೇಳದ ಒಂದು ಸಂಗತಿ ಇದೆ. ಒಂದು ರಾತ್ರಿ ಇಬ್ಬರೂ ಚಿಕ್ಕಮ್ಮನ ಮನೆಗೆ ಬಂದಿದ್ದರು. ಅವತ್ತು ನಾನೂ ಅಲ್ಲೇ ಇದ್ದೆ. ಚಿಕ್ಕಮ್ಮ ದೀಪ ಹಾಕಲಿಲ್ಲ. ಒಲೆ ಬೆಳಕಿನಲ್ಲೇ ಮುದ್ದೆ ತಿರುವಿ, ಬಸ್ಸಾರು ಬಿಸಿ ಮಾಡಿ ಬಡಿಸಿದರು. ಅಳಿಯನಿಗೆ ಎರಡನೇ ಸಲ ತುಪ್ಪ ಹಾಕಿದರು. ಅವನು ಕೈ ತೊಳೆಯೋಕೆ ಎದ್ದಾಗ ಚೊಂಬಿನಿಂದ ನೀರು ಹಾಕುತ್ತಾ, ಕೋಳಿ ಕೂಗೋದ್ರೊಳಗೆ ಊರು ದಾಟಿಬಿಡಿ ಕಣಪ್ಪಾ ಅಂದರು. ಮಗಳು ಹಿಂದೆಯೇ ನಿಂತಿದ್ದಳು. ಈ ಸಲ ಬಾನಿಯ ಅಮ್ಮ ಮಾತಾಡಿದಾಗ ನನಗೆ ಕೇಳಿಸಿದ್ದು ಆ ಚೊಂಬಿನ ನೀರಿನ ಸದ್ದು.

ಇನ್ನೊಂದು ಮಾತು. ಸಿನಿಮಾದಲ್ಲಿ ಒಮ್ಮೆ ಮಾತ್ರ ಬರುವ ಭೇಟಿ ನಿಜದಲ್ಲಿ ಮತ್ತೆ ಮತ್ತೆ ನಡೆಯುತ್ತಿತ್ತು. ಎಷ್ಟು ದೂರ ಓಡಿದರೂ ಇಬ್ಬರೂ ಮನೆಯವರನ್ನು ನೋಡೋಕೆ ಡಲ್ಲಾಸ್ ಕಡೆಗೆ ಬರುತ್ತಿದ್ದರು. ಅವರ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿ ಫ್ರಾಂಕ್ ಹೇಮರ್ ಗಮನಿಸಿದ್ದು ಅದನ್ನೇ. ಇವರ ಓಡಾಟ ಸುತ್ತುವುದು ಮನೆಗಳ ಸುತ್ತ ಅಂತ ಅವನಿಗೆ ಗೊತ್ತಾಯಿತು. 1934ರ ಮೇ 23ರಂದು ಲೂಸಿಯಾನದ ರಸ್ತೆಯಲ್ಲಿ ಆರು ಜನ ಹೊಂಚು ಹಾಕಿ ಕೂತಿದ್ದು ತಂಡದ ಇನ್ನೊಬ್ಬ ಹುಡುಗನ ಮನೆಯವರಿದ್ದ ಕಡೆ. ಬಾನಿಗೆ ಇಪ್ಪತ್ಮೂರು, ಕ್ಲೈಡ್‌ಗೆ ಇಪ್ಪತ್ತೈದು. ಇಬ್ಬರನ್ನೂ ಅಕ್ಕಪಕ್ಕ ಹೂಳುತ್ತಾರೆ ಅಂತ ಬಾನಿ ತನ್ನ ಪದ್ಯದಲ್ಲಿ ಬರೆದಿದ್ದಳು. ಅವಳ ಅಮ್ಮ ಒಪ್ಪಲಿಲ್ಲ. ಮಗಳು ಬದುಕಿದ್ದಾಗ ಕ್ಲೈಡ್ ಕರೆದುಕೊಂಡು ಹೋಗಿದ್ದ, ಸತ್ತ ಮೇಲಾದರೂ ನನ್ನವಳಾಗಿರಲಿ ಅಂತ ಆ ತಾಯಿಗೆ ಅನ್ನಿಸಿರಬೇಕು. ಡಲ್ಲಾಸ್‌ನಲ್ಲೇ ಎರಡು ಬೇರೆ ಬೇರೆ ಸ್ಮಶಾನದಲ್ಲಿ ಇಬ್ಬರೂ ಇದ್ದಾರೆ.

ಚಿಕ್ಕಮ್ಮನ ಮಗಳು ಈಗ ಹುಣಸೂರಿನಲ್ಲಿದ್ದಾಳೆ. ಎರಡನೇ ಮಗುವಿಗೆ ಮೂರು ತಿಂಗಳು. ಊರಿಗೆ ಇನ್ನೂ ಬಂದಿಲ್ಲ, ಚಿಕ್ಕಮ್ಮನೇ ಬಸ್ ಹತ್ತಿ ಹೋಗಿ ಬರುತ್ತಾರೆ. ಬರೋ ಭಾನುವಾರ ನಾನೂ ಜೊತೆಗೆ ಹೊರಟಿದ್ದೇನೆ. ಮಂಡ್ಯದಿಂದ ಬೆಳಗಿನ ರೈಲಿಗೆ ಬಂದು ಮೈಸೂರಿನಲ್ಲಿ ಬಸ್ ಹಿಡಿಯುತ್ತೇವೆ. ನೀನು ಸ್ಟೇಷನ್ ಹತ್ತಿರ ಸಿಗು, ಮೂವರೂ ಹೋಗೋಣ. ಚಿಕ್ಕಮ್ಮ ರಾಗಿ ಹಿಟ್ಟು, ಬೆಲ್ಲ, ಒಂದು ಡಬ್ಬಿ ತುಪ್ಪ ಕಟ್ಟಿಟ್ಟಿದ್ದಾರೆ. ಚೀಲ ಭಾರ ಇದೆ, ಹಿಡಿಯೋಕೆ ಇನ್ನೊಂದು ಕೈ ಬೇಕು.

ನಿನ್ನ ಗೆಳೆಯ
ಮಂಡ್ಯದಿಂದ