ಹಳೇ ಸಿ.ಡಿ. ತಂದವರಿಗೆ, ಉಸಿರು ಹಿಡಿದವರಿಗೆ

ನಮ್ಮ ಪ್ಯಾಂಕ್ರಿಯಾಸ್ ಸಿಸ್ಟ್ ನಿಗಾ ಕ್ಲಿನಿಕ್‌ಗೆ ಈ ತಿಂಗಳು ಐದು ವರ್ಷ ತುಂಬಿತು. ಸಿಸ್ಟ್ ಎಂದರೆ ಪ್ಯಾಂಕ್ರಿಯಾಸಿನಲ್ಲಿ (ಮೇದೋಜೀರಕ ಗ್ರಂಥಿಯಲ್ಲಿ) ಆಗುವ, ದ್ರವ ತುಂಬಿದ ಗುಳ್ಳೆ; ಅದು ಬದಲಾಗುತ್ತಿದೆಯೇ ಎಂದು ಆಗಾಗ ನೋಡುವುದೇ ನಿಗಾ. ಡಾಕ್ಟರುಗಳ ಹೆಸರು ಹೇಗೂ ಬೋರ್ಡಿನ ಮೇಲಿದೆ. ಈ ನಮಸ್ಕಾರ ಬೋರ್ಡಿನಲ್ಲಿ ಇಲ್ಲದವರಿಗೆ.

ಮೊದಲ ನಮಸ್ಕಾರ ಹಳೇ ಸ್ಕ್ಯಾನಿಂಗಿನ ಸಿ.ಡಿ.ಯನ್ನು ಜೋಪಾನವಾಗಿಟ್ಟು ಪ್ರತಿ ಸಲ ತಂದ ನಿಮಗೆ. ರಿಪೋರ್ಟಿನಲ್ಲಿ ‘21 ಮಿ.ಮೀ.’ ಎಂದಷ್ಟೇ ಇರುತ್ತದೆ. ಅಡ್ಡಕ್ಕೆ ಅಳೆದರೋ ಉದ್ದಕ್ಕೋ, ತಿಳಿಯುವುದಿಲ್ಲ. ಗುಳ್ಳೆ ಮೊಟ್ಟೆಯಾಕಾರದಲ್ಲಿದ್ದರೆ ಅಡ್ಡ 21 ಇದ್ದದ್ದು ಉದ್ದ 24 ಆಗಬಹುದು. ಇಂಥ ಗುಳ್ಳೆಗಳ ಬಗ್ಗೆ ಇರುವ 2024ರ ಕ್ಯೋಟೊ ಮಾರ್ಗಸೂಚಿಯ ಪ್ರಕಾರ ವರ್ಷಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಬೆಳೆದರೆ ಕಳವಳಪಡಬೇಕು. ಅಂದರೆ ಗುಳ್ಳೆ ಬೆಳೆಯದೆ, ಅಳತೆಯ ದಿಕ್ಕು ಬದಲಾದರೂ ಸಾಕು, ಮನೆಮಂದಿಗೆಲ್ಲ ನಿದ್ದೆಗೇಡು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಒಂದೇ ದಿಕ್ಕಿನಲ್ಲಿ ಅಳೆದಾಗ ಇಂಥ ‘ಬೆಳವಣಿಗೆ’ ಕರಗಿಹೋಗುತ್ತದೆ.

ಎಂ.ಆರ್.ಐ. ಕೋಣೆಯ ಟೆಕ್ನಿಷಿಯನ್ನರಿಗೆ: ‘ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ’ ಎಂದು ದಿನವಿಡೀ ಬೇಸರಿಸದೆ ಹೇಳಿದ್ದಕ್ಕೆ. ಪ್ಯಾಂಕ್ರಿಯಾಸಿನ ಮುಖ್ಯ ನಾಳದ ಅಗಲ 5 ಮಿ.ಮೀ. ದಾಟಿದೆಯೇ ಎನ್ನುವುದೇ ಪ್ರಶ್ನೆಯಾದಾಗ, ಉಸಿರಾಟಕ್ಕೆ ಮಸುಕಾದ ಚಿತ್ರ ಯಾರಿಗೂ ಪ್ರಯೋಜನವಿಲ್ಲ. ಉಪವಾಸ ಕೇಳುವುದೂ ಸುಮ್ಮನೆ ಅಲ್ಲ. ಎಂ.ಆರ್.ಸಿ.ಪಿ.ಯಲ್ಲಿ (ನಾಳಗಳನ್ನು ತೋರಿಸುವ ಎಂ.ಆರ್.ಐ.) ನೀರೆಲ್ಲ ಬೆಳ್ಳಗೆ ಕಾಣುವುದರಿಂದ ಹೊಟ್ಟೆಯೊಳಗಿನ ನೀರು ನಾಳದ ಮೇಲೆ ಬಿದ್ದು ಮರೆಮಾಡುತ್ತದೆ. ಕೆಲವೆಡೆ ಅನಾನಸ್ ರಸ ಕುಡಿಸುವುದು ಇದಕ್ಕೇ. ಅದರಲ್ಲಿರುವ ಮ್ಯಾಂಗನೀಸ್ ಆ ಬಿಳುಪನ್ನು ಅಡಗಿಸುತ್ತದೆ.

ಎಂಡೋಸ್ಕೋಪಿ ಕೋಣೆಯ ಸಿಸ್ಟರ್‌ಗಳ ಋಣ ಎಲ್ಲಕ್ಕಿಂತ ದೊಡ್ಡದು. ಜಠರದ ಗೋಡೆ ದಾಟಿ ಗುಳ್ಳೆಗೆ ಚುಚ್ಚಿದ 22 ಗೇಜ್ ಸೂಜಿಯಲ್ಲಿ ಕೆಲವೊಮ್ಮೆ ಬರುವುದು ಕೆಲವೇ ಹನಿ. ಬೆರಳ ನಡುವೆ ಹಿಡಿದರೆ ಸಕ್ಕರೆ ಪಾಕದಂತೆ ಎಳೆ ಬರುತ್ತದೆಯೇ, ಇದು ಮೊದಲ ಸುಳಿವು. ಎಳೆ ಬಂದರೆ ಲೋಳೆ ತುಂಬಿದ ಸಿಸ್ಟ್, ಅಂದರೆ ಮುಂದೆ ಕ್ಯಾನ್ಸರ್ ಆಗಬಲ್ಲ ಜಾತಿಯದ್ದು ಇರಬಹುದು. ಆಮೇಲೆ ಯಾವ ಹನಿ ಯಾವ ಟ್ಯೂಬಿಗೆ? ಗ್ಲೂಕೋಸಿಗೆ ಬೂದು ಮುಚ್ಚಳದ್ದು; ಅದು ಡೆಸಿಲೀಟರಿಗೆ 50 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಲೋಳೆ ಸಿಸ್ಟಿನ ಕಡೆಗೆ ವಾಲುತ್ತೇವೆ. ರಕ್ತ ಬೆರೆತರೆ ಈ ಲೆಕ್ಕ ಮೇಲೇರಿ ಮೋಸ ಮಾಡುತ್ತದೆ, ಅದನ್ನು ಚೀಟಿಯಲ್ಲಿ ಬರೆದು ಕಳಿಸುವವರೂ ಅವರೇ. ಅದೇ ದ್ರವದಲ್ಲಿ ಅಳೆಯುವ ಸಿ.ಇ.ಎ. ಎಂಬ ಪ್ರೋಟೀನು ಮಿ.ಲೀ.ಗೆ 192 ನ್ಯಾನೋಗ್ರಾಂ ದಾಟಿದರೂ ತಿಳಿಯುವುದು ಲೋಳೆಯ ವಿಚಾರ ಮಾತ್ರ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಅದು ಹೇಳುವುದಿಲ್ಲ. (ಇದನ್ನು ನೋಡಿ ಹೆದರಿದವರು ಬಹಳ.) ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸಿನ ಉರಿಯೂತ) ನಮ್ಮ ದಕ್ಷಿಣ ಭಾರತದಲ್ಲಿ ಅಪರೂಪವಲ್ಲ, ಆದ್ದರಿಂದ ಪ್ಯಾಂಕ್ರಿಯಾಸಿನ ಕಿಣ್ವ ಅಮೈಲೇಸ್‌ಗೂ ಒಂದಿಷ್ಟು ಉಳಿಸಬೇಕು: ಲೀಟರಿಗೆ 250 ಯೂನಿಟ್ಟಿಗಿಂತ ಕಡಿಮೆ ಬಂದರೆ ಉರಿಯೂತದಿಂದಾದ ಹುಸಿ ಸಿಸ್ಟ್ ಅಲ್ಲ ಎಂದು ಬಹುಮಟ್ಟಿಗೆ ಹೇಳಬಹುದು.

ತಾರೀಖಿಗೆ ಕಾಯದೆ ಬಂದವರಿಗೂ ಕೃತಜ್ಞರು. ಕಣ್ಣು ಹಳದಿಯಾದದ್ದು, ಊಟ ಬದಲಾಗದಿದ್ದರೂ ಸಕ್ಕರೆ ಏಕಾಏಕಿ ಏರಿದ್ದು, ಇವನ್ನು ಆರು ತಿಂಗಳ ಸ್ಕ್ಯಾನಿಗೆಂದು ಕಾಯಿಸುವಂತಿಲ್ಲ.

20 ಮಿ.ಮೀ.ಗಿಂತ ಚಿಕ್ಕ ಗುಳ್ಳೆ, ಬೇರೆ ಯಾವ ಲಕ್ಷಣವೂ ಇಲ್ಲ, ಐದು ವರ್ಷದಲ್ಲಿ ಬದಲಾವಣೆಯೂ ಇಲ್ಲ: ಇಂಥವರೊಡನೆ ವಯಸ್ಸು, ಆರೋಗ್ಯ ನೋಡಿಕೊಂಡು ನಿಗಾ ನಿಲ್ಲಿಸುವ ಮಾತನ್ನೂ ಈಗ ಆಡಬಹುದು. ಆ ಮಾತಿಗೆ ಬರುವಾಗಲೂ ಸಿ.ಡಿ. ಮರೆಯಬೇಡಿ, ಮೊಟ್ಟಮೊದಲನೆಯದು.