ರಿಬ್ ಮುರಿದು ಕಳಿಸಿದವರಿಗೆ

ಮೊನ್ನೆ ಬೆಳಿಗ್ಗೆ ಕೊಂಡವರೇ ಜೋಡಿಸಿಕೊಳ್ಳುವ ನಮ್ಮ ಬಿಡಿಭಾಗಗಳ ಕಿಟ್‌ನಿಂದ ಕಟ್ಟಿದ 12ನೇ ವಿಮಾನ ಹಾರಿತು. ಕಟ್ಟಿದವರೇ ಹಾರಿಸಿದರು. ಒಂದು ಪುಟ್ಟ ಸುತ್ತು, ಅಷ್ಟೇ. ಇಳಿದವರೇ ಫೋನ್ ಮಾಡಿ, "ಕಂಟ್ರೋಲ್ ಸ್ಟಿಕ್ ಕೈಬಿಟ್ಟರೂ ನೆಟ್ಟಗೆ ಹೋಗುತ್ತೆ ಸಾರ್" ಅಂದರು. ಇಂಥ ಫೋನ್ ಮತ್ತೆ ಬರುತ್ತದೆ ಅಂತ ಹೋದ ವರ್ಷ ನನಗೆ ನಂಬಿಕೆ ಇರಲಿಲ್ಲ.

ಹೋದ ವರ್ಷದ ಕತೆ ನಿಮಗೆ ಗೊತ್ತೇ ಇದೆ. ನಿಮ್ಮಲ್ಲೊಬ್ಬರು ಮುರಿದ ರಿಬ್‌ನ ಫೋಟೊ ಕಳಿಸಿದ್ದರು. ರಿಬ್ ಅಂದರೆ ರೆಕ್ಕೆಗೆ ಆಕಾರ ಕೊಡುವ, ಪಕ್ಕೆಲುಬಿನಂಥ ಚೌಕಟ್ಟು. ಸ್ಪ್ರೂಸ್ ಮರದ ಕಡ್ಡಿ ತಾನೇ, ಸಾಗಿಸುವಾಗ ಮುರಿಯುವುದು ದೊಡ್ಡ ವಿಷಯ ಅಲ್ಲ. ಆದರೆ ಎಲ್ಲಿ ಮುರಿದಿದೆ ಅಂತ ನೋಡಿ ಜೀವ ಬಾಯಿಗೆ ಬಂತು. ಸರಿಯಾಗಿ ಅಂಟಿದ್ದರೆ ಮರವೇ ಹರಿದು ಸಿಬಿರು ಎದ್ದಿರಬೇಕು, ಅಂಟು ಬಿಡಬಾರದು. ಇಲ್ಲಿ ಕಡ್ಡಿಗಳು ಸೇರುವಲ್ಲಿ ಅಂಟಿಸಿದ್ದ ಪ್ಲೈವುಡ್ ತುಂಡು ಸ್ಟಿಕ್ಕರ್ ಕಿತ್ತ ಹಾಗೆ ಎದ್ದು ಬಂದಿತ್ತು. ಕೆಳಗೆ ಮರ ನುಣ್ಣಗಿತ್ತು.

ತಪ್ಪು ನನ್ನದೇ. ಎಪಾಕ್ಸಿ ಅಂಟಿಗೆ ಜಾಸ್ತಿ ಒತ್ತಡ ಬೇಡ, ಎರಡು ಮೈ ಚೆನ್ನಾಗಿ ತಾಗಿದರೆ ಸಾಕು. ನಾನು ಹೊಸ ಕ್ಲಾಂಪ್ ಬಂದ ಖುಷಿಯಲ್ಲಿ ಬಿಗಿದಿದ್ದೇ ಬಿಗಿದಿದ್ದು. ಅಂಟೆಲ್ಲ ಹೊರಗೆ ಹಿಂಡಿಹೋಗಿ ಒಳಗೆ ಏನೂ ಉಳಿದಿರಲಿಲ್ಲ. ಅಂಚಿನಲ್ಲಿ ಒಸರಿದ್ದನ್ನು ನೋಡಿ ಎಷ್ಟು ಚೆನ್ನಾಗಿ ಕೂತಿದೆ ಅಂತ ಬೀಗಿದ್ದೆ ಬೇರೆ!

ಅವತ್ತೇ ಎಲ್ಲರಿಗೂ ಕೆಲಸ ನಿಲ್ಲಿಸಿ ಅಂತ ಬರೆದೆ. ಬೈಗುಳಕ್ಕೆ ತಯಾರಾಗಿದ್ದೆ. ಒಂದಿಬ್ಬರು ಬೈದರು, ಅದು ನ್ಯಾಯವೇ. ಉಳಿದವರು ತಿಂಗಳುಗಟ್ಟಲೆ ಕೂತು ಜೋಡಿಸಿದ ರೆಕ್ಕೆಯಿಂದ ರಿಬ್ ಬಿಡಿಸಿ, ಕೈಯಾರೆ ಮುರಿದು, ಬ್ಯಾಚ್ ನಂಬರ್ ಬರೆದು ನನಗೆ ಕಳಿಸಿದಿರಿ. 61 ತುಂಡು ಬಂದವು. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಾಗಲೇ ಕೆಟ್ಟಿದ್ದು ಎರಡು ಬ್ಯಾಚ್ ಮಾತ್ರ ಅಂತ ಗೊತ್ತಾಗಿದ್ದು. ಒಬ್ಬರಂತೂ ಬಟ್ಟೆ ಹೊದಿಸಿ, ಇಸ್ತ್ರಿಪೆಟ್ಟಿಗೆ ಆಡಿಸಿ ಡೋಲಿನ ಹಾಗೆ ಬಿಗಿ ಮಾಡಿದ್ದ ರೆಕ್ಕೆಯನ್ನೇ ಬ್ಲೇಡಿನಿಂದ ಸೀಳಿದರು. ಆ ಫೋಟೊ ನೋಡಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಹೊಸ ರಿಬ್ ಹಾಕಿದ ರೆಕ್ಕೆಗೆ ಭಾರ ಹೇರುವ ದಿನ ನಾಲ್ವರು ತಾವಾಗಿಯೇ ಬಂದು ಮರಳಿನ ಚೀಲ ಹೊತ್ತಿರಿ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದಲ್ವಾ, ಅದಕ್ಕೇ ರೆಕ್ಕೆಯನ್ನು ಮಗುಚಿ ಹಾಕಿ ಹೇರುವುದು. ಒಂದೊಂದು ಚೀಲ ಇಟ್ಟಾಗಲೂ ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದೆವು. ಚಟ್ ಅಂದರೆ ಮುಗೀತು. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ಹೇರಿದೆವು. ಚಟ್ ಅನ್ನಲಿಲ್ಲ. ಚೀಲ ಇಳಿಸಿದ ಮೇಲೆ ರೆಕ್ಕೆ ಮೆಲ್ಲಗೆ ಮೊದಲಿನ ಹಾಗೆ ನೆಟ್ಟಗಾಯಿತು. ಆಗ ನಾನು ಹೊರಗೆ ಹೋಗಿ ನಿಂತಿದ್ದು ಸೆಕೆ ಅಂತ ಅಲ್ಲ.

8 ತಿಂಗಳು ಕಾದವರಿಗೆ, ಬೈದವರಿಗೆ, ದುಡ್ಡು ವಾಪಸ್ ತಗೊಂಡು ಆಮೇಲೆ ಮತ್ತೆ ಆರ್ಡರ್ ಕೊಟ್ಟ ಆ ಒಬ್ಬರಿಗೆ, ಎಲ್ಲರಿಗೂ ಥ್ಯಾಂಕ್ಸ್. ಈಗ ಪ್ರತಿ ಪೆಟ್ಟಿಗೆಯಲ್ಲೂ ಅದೇ ದಿನ, ಅದೇ ಅಂಟಿನಲ್ಲಿ ಜೋಡಿಸಿದ ಎರಡು ತುಂಡು ಇಡುತ್ತಿದ್ದೇನೆ. ಮುರಿಯುವುದಕ್ಕೇ ಅಂತ ಇಟ್ಟಿದ್ದು. ಮುರಿದು ನೋಡಿ. ಸಿಬಿರು ಕಾಣದಿದ್ದರೆ ರಾತ್ರಿ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ.